ಲಾಟರಿ: ಸರಕಾರವೇ ಇಟ್ಟ ಅದೃಷ್ಟದ ಅಂಗಡಿ

ಫೋರ್ಟ್‌ನ ಏಷಿಯಾಟಿಕ್ ಸೊಸೈಟಿಯ ಬಿಳಿ ಮೆಟ್ಟಿಲುಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳದ ಮುಂಬಯಿಗರು ಕಡಿಮೆ. 1833ರಲ್ಲಿ ಪೂರ್ಣಗೊಂಡ ಆ ಟೌನ್ ಹಾಲ್ ಕಟ್ಟಲು ಮೊದಲು ಹಣ ಕೂಡಿಸಿದ್ದು ಲಾಟರಿಯಿಂದ! ಆ ಹಣ ಎಲ್ಲಿಗೂ ಸಾಲದೆ ಕೊನೆಗೆ ಸರಕಾರವೇ ಖರ್ಚು ಹೊರಬೇಕಾಯಿತು. ಕೋಲ್ಕತ್ತಾದ ಟೌನ್ ಹಾಲಿಗೂ ಲಾಟರಿಯ ಹಣವೇ ಆಸರೆ. ಹೊಸ ತೆರಿಗೆ ಹಾಕದೆ ಜನರಿಂದ ಹಣ ಎತ್ತುವ ಈ ಉಪಾಯ ಆಳುವವರಿಗೆ ಅಂದಿನಿಂದಲೂ ಇಷ್ಟ. 1870ರಲ್ಲಿ ದಂಡ ಸಂಹಿತೆಗೆ 294ಎ ಕಲಂ ಸೇರಿತು. ಸರಕಾರದ ಅನುಮತಿಯಿಲ್ಲದೆ ಲಾಟರಿ ಕಚೇರಿ ಇಡುವುದು ಅಪರಾಧವಾಯಿತು.

ಸ್ವಾತಂತ್ರ್ಯಾನಂತರ ಮೊದಲು ಲಾಟರಿ ಇಲಾಖೆಯನ್ನೇ ತೆರೆದದ್ದು ಕೇರಳ. ಒಂದು ರೂಪಾಯಿಯ ಟಿಕೆಟು, 50,000 ರೂಪಾಯಿಯ ಮೊದಲ ಬಹುಮಾನ, 1968ರ ಜನವರಿ 26ರಂದು ಮೊದಲ ಡ್ರಾ. ಮರುವರ್ಷ ಮಹಾರಾಷ್ಟ್ರವೂ ಶುರು ಮಾಡಿತು. ಆಗ ಮುಂಬಯಿಯಲ್ಲಿ ಮಟ್ಕಾದ ಹಾವಳಿ. ನ್ಯೂಯಾರ್ಕಿನ ಹತ್ತಿ ದರದ ಮೇಲೆ ಕಟ್ಟುತ್ತಿದ್ದ ಬಾಜಿ ನಿಂತ ಮೇಲೆ ಚೀಟಿಯ ಅಂಕಿಗಳ ಜೂಜಾಗಿ ಬೆಳೆದು, ಗಿರಣಿ ಕಾರ್ಮಿಕರ ಸಂಬಳವನ್ನು ನುಂಗುತ್ತಿತ್ತು. ಜನರನ್ನು ಅದರಿಂದ ಬಿಡಿಸುವುದೂ ಸರಕಾರಿ ಲಾಟರಿಯ ಒಂದು ಉದ್ದೇಶವಾಗಿತ್ತು.

1998ರ ಲಾಟರಿ ನಿಯಂತ್ರಣ ಕಾಯ್ದೆಯ ಪ್ರಕಾರ ಟಿಕೆಟನ್ನು ರಾಜ್ಯವೇ ಮುದ್ರಿಸಬೇಕು, ಡ್ರಾವನ್ನು ತನ್ನ ನೆಲದಲ್ಲಿ ತಾನೇ ನಡೆಸಬೇಕು, ಮಾರಾಟದ ಹಣ ಸರಕಾರದ ಖಾತೆಗೆ ಹೋಗಬೇಕು. ಒಂಟಿ ಅಂಕಿಯ ಮೇಲೆ ಬಹುಮಾನ ಕೂಡದು. ಯಾರೂ ಕೇಳದ ಬಹುಮಾನ ಸರಕಾರಕ್ಕೇ ಸೇರುತ್ತದೆ. ಸರಕಾರ ನಡೆಸಿದರೂ ಲಾಟರಿ ಜೂಜೇ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಆ ಹಣದಿಂದ ಒಳ್ಳೆಯ ಕೆಲಸವೂ ಆಗಿದೆ. ಕೇರಳದ 'ಕಾರುಣ್ಯ' ಲಾಟರಿಯ ಆದಾಯ ಕ್ಯಾನ್ಸರ್, ಹೃದಯ, ಮೂತ್ರಪಿಂಡದ ಕಾಯಿಲೆಯ ಬಡ ರೋಗಿಗಳ ಚಿಕಿತ್ಸೆಗೆ ಹೋಗಿದೆ. ಕರ್ನಾಟಕವೂ ಲಾಟರಿ ನಡೆಸುತ್ತಿತ್ತು. ಬಡ ಸಂಸಾರಗಳು ಹಾಳಾಗುತ್ತಿವೆ ಎಂಬ ಕೂಗಿನ ನಡುವೆ ಕುಮಾರಸ್ವಾಮಿಯವರ ಸರಕಾರ 2007ರಲ್ಲಿ ನಿಷೇಧಿಸಿತು. ಆದರೆ ಊರಿಗೆ ಹೋದಾಗ ಮಂಗಳೂರಿನಿಂದ ತಲಪಾಡಿ ದಾಟಿದರೆ ಸಾಕು, ಲಾಟರಿ ಅಂಗಡಿಗಳು ಕಾಣುತ್ತವೆ. ಟಿಕೆಟುಗಳ ಹೆಸರನ್ನಾದರೂ ನೋಡಿ: ಅಲ್ಲಿ 'ಸ್ತ್ರೀ ಶಕ್ತಿ', ನಮ್ಮಲ್ಲಿ 'ಗಜಲಕ್ಷ್ಮಿ'!

ಸಾಂತಾಕ್ರೂಜ್‌ನ ನಮ್ಮ ಮನೆಗೆ ಕೆಲಸಕ್ಕೆ ಬರುವ ಮಾವುಶಿಯ ಗಂಡನಿಗೆ ಈ ಚಟ. "ತಾಯಿ, ನೀವು ಕಂಪ್ಯೂಟರ್ ಕಲಿತವರು, ಬರೋ ನಂಬರ್ ಯಾವುದಂತ ನೋಡಿ ಹೇಳಿ" ಎಂದು ಆಕೆ ಒಮ್ಮೆ ಕೇಳಿದಳು. ನನ್ನ ಎಂ.ಟೆಕ್. ಇಲ್ಲಿ ಕೆಲಸಕ್ಕೆ ಬಾರದು. ಪ್ರತಿ ಡ್ರಾ ಹಿಂದಿನದನ್ನು ಮರೆತಿರುತ್ತದೆ, ಯಾವ ಪ್ರೋಗ್ರಾಮೂ ಮುಂದಿನ ನಂಬರ್ ಹೇಳಲಾರದು. ಆದರೆ ಲೆಕ್ಕ ಹೇಳಬಹುದು. 2024ರ ಕೇರಳದ ತಿರುವೋಣಂ ಬಂಪರ್‌ನಲ್ಲಿ 500 ರೂಪಾಯಿಯ ಸುಮಾರು 71 ಲಕ್ಷ ಟಿಕೆಟುಗಳು ಮಾರಾಟವಾದವು. ಮೊದಲ ಬಹುಮಾನ 25 ಕೋಟಿ. ಅದನ್ನು ಎಲ್ಲ ಟಿಕೆಟುಗಳಿಗೂ ಹಂಚಿದರೆ ಒಂದಕ್ಕೆ ಬರುವುದು ಸುಮಾರು 35 ರೂಪಾಯಿ. ಉಳಿದ 465 ರೂಪಾಯಿಯಲ್ಲಿ ಇತರ ಬಹುಮಾನ, ಏಜೆಂಟರ ಕಮಿಷನ್, ಜಿ.ಎಸ್.ಟಿ., ಸರಕಾರದ ಪಾಲು. ಗೆದ್ದವರೂ ಶೇ. 30ರಷ್ಟು ಆದಾಯ ತೆರಿಗೆ ಕಟ್ಟಬೇಕು.

ನಾವು ಹೆಂಗಸರು ಸೇರಿ ಹಾಕುವ ಭಿಶಿಯಲ್ಲೂ ಚೀಟಿ ಎತ್ತುತ್ತೇವೆ. ಆದರೆ ಅಲ್ಲಿ ಚೀಟಿ ಹೇಳುವುದು ಯಾರ ಸರದಿ ಮೊದಲು ಎಂಬುದನ್ನಷ್ಟೇ. ಕಟ್ಟಿದ ಹಣ ಇಂದಲ್ಲ ನಾಳೆ ಎಲ್ಲರ ಕೈಗೂ ಬರುತ್ತದೆ. ಲಾಟರಿಯಲ್ಲಿ ಲಕ್ಷಾಂತರ ಮನೆಗಳ ಹಣ ಬೆರಳೆಣಿಕೆಯ ಮನೆಗಳಿಗೆ ಹೋಗುತ್ತದೆ. ಮಾವುಶಿಗೆ ಇಷ್ಟನ್ನು ಬಿಡಿಸಿ ಹೇಳಿದೆ. "ಹಾಗಾದರೆ ಸರಕಾರ ಯಾಕೆ ಮಾರುತ್ತದೆ?" ಎಂದಳು.

ಸರಕಾರಕ್ಕೆ ಆದಾಯ ಬೇಕು, ನಿಷೇಧಿಸಿದರೆ ಜನ ಗಡಿ ದಾಟಿ ಕೊಳ್ಳುತ್ತಾರೆ. ಇದು ಉತ್ತರವೇನೋ ಹೌದು. ಆದರೆ ಆಕೆಯ ಮನೆಯ ಅಕ್ಕಿಯ ದುಡ್ಡಿಗೆ ಅದು ಸಮಾಧಾನವಲ್ಲ. ಗೆಳತಿಯರೇ, ನಿಮ್ಮ ಮನೆಗೆ ಬಂದು ಹೋಗುವವರಲ್ಲಿ ಯಾರಾದರೂ ನಂಬರ್ ಕೇಳಿದರೆ, ನಗಬೇಡಿ. ಪಕ್ಕ ಕುಳಿತು ಈ 35 ರೂಪಾಯಿಯ ಲೆಕ್ಕ ಬರೆದು ತೋರಿಸಿ.