ಶಿವನಸಮುದ್ರದ ತಂತಿಯಿಂದ ಬೆರಳ ತುದಿಯ ಕಿಡಿಯವರೆಗೆ



ಸೋಮನಾಥಪುರವೆಂದೊಡನೆ ಎಲ್ಲರಿಗೂ ನೆನಪಾಗುವುದು 13ನೆಯ ಶತಮಾನದ ಕೇಶವ ದೇವಾಲಯ. ಆ ಶಿಲ್ಪದ ವಿಚಾರವನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಇಂದು ಹೇಳಹೊರಟಿರುವುದು ನಮ್ಮ ಸೀಮೆಯ ಇನ್ನೊಂದು ಇತಿಹಾಸ. ಎಲೆಕ್ಟ್ರಾನಿಕ್ಸ್ ಓದಿ ಉದ್ಯೋಗದಲ್ಲಿರುವ ನಿಮ್ಮಲ್ಲಿ ಕೆಲವರು, "ಸ್ಥಾಯೀ ವಿದ್ಯುತ್ತಿನಿಂದ ಮಂಡಲವನ್ನು ಕಾಯುವ ಬಿಡಿಭಾಗವನ್ನು ಆರಿಸುವುದರಲ್ಲಿ ಇತಿಹಾಸವೇನಿದೆ ಮೇಷ್ಟ್ರೇ?" ಎಂದು ಕೇಳಿದ್ದುಂಟು. ಇದೆ; ಅದರ ಒಂದು ಕವಲು ನಮ್ಮ ಕಾವೇರಿಯ ದಡದಲ್ಲಿಯೇ ಇದೆ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಮಾರ್ಗದ ಉದ್ದ ಸುಮಾರು 147 ಕಿಲೋಮೀಟರ್. ಒತ್ತಡ ಸುಮಾರು 35,000 ವೋಲ್ಟ್. ಬಯಲಿನಲ್ಲಿ ಹಾದುಹೋಗುವ ಅಂತಹ ತಂತಿಗೆ ಸಿಡಿಲೇ ಪರಮ ಶತ್ರು. ಆ ಕಾಲದ ವಿದ್ಯುತ್ ಮಾರ್ಗಗಳಲ್ಲಿ ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಕಿಡಿಯಂತರ: ತಂತಿಗೂ ಭೂಮಿಗೂ ನಡುವೆ ಲೆಕ್ಕ ಹಾಕಿ ಬಿಟ್ಟ ಒಂದು ಸಣ್ಣ ಸಂದು. ನಿತ್ಯದ ಒತ್ತಡಕ್ಕೆ ಆ ಸಂದು ಮುಚ್ಚಿದ ಬಾಗಿಲು. ಸಿಡಿಲಿನ ಒತ್ತಡಕ್ಕೆ ತೆರೆದ ದಾರಿ.

ನಮ್ಮ ಹಿರಿಯರಿಗೆ ಈ ತತ್ತ್ವ ಹೊಸದೇನಲ್ಲ. ಕೆರೆಗೆ ಕೋಡಿ ಇಡುವುದು ಇದೇ ಲೆಕ್ಕದಿಂದ. ಕೋಡಿ ತೀರ ತಗ್ಗಾದರೆ ಕೆರೆ ತುಂಬುವುದಿಲ್ಲ. ತೀರ ಎತ್ತರವಾದರೆ ನೀರು ಕೋಡಿ ಬೀಳುವ ಮೊದಲೇ ಏರಿ ಒಡೆಯುತ್ತದೆ. ಅಗಲ ಸಾಲದಿದ್ದರೆ ಎತ್ತರ ಸರಿಯಿದ್ದೂ ಪ್ರಯೋಜನವಿಲ್ಲ.

ಕಾಲಕ್ರಮದಲ್ಲಿ ಶತ್ರು ಚಿಕ್ಕದಾಯಿತು, ಕಾಯಬೇಕಾದ ವಸ್ತು ಅದಕ್ಕಿಂತಲೂ ಸೂಕ್ಷ್ಮವಾಯಿತು. ಒಣಹವೆಯಲ್ಲಿ ರತ್ನಗಂಬಳಿಯ ಮೇಲೆ ನಡೆದವನ ಮೈಯಲ್ಲಿ 35,000 ವೋಲ್ಟಿನವರೆಗೂ ವಿದ್ಯುತ್ತು ಸಂಚಯವಾಗಬಹುದು. ಶಿವನಸಮುದ್ರದ ತಂತಿಯಲ್ಲಿದ್ದಷ್ಟೇ ಒತ್ತಡ! ಆದರೆ ಆ ಸಂಚಯದ ಶಕ್ತಿ ಒಂದು ಜೌಲಿನ ಹತ್ತರಲ್ಲೊಂದು ಪಾಲನ್ನೂ ಮುಟ್ಟದು; ಆದ್ದರಿಂದ ನಾವು ಬದುಕಿರುತ್ತೇವೆ. ಸುಮಾರು 3,000 ವೋಲ್ಟಿಗಿಂತ ಕೆಳಗಿನ ಕಿಡಿ ನಮಗೆ ತಿಳಿಯುವುದೂ ಇಲ್ಲ. ಚಿಪ್ಪಿನೊಳಗಿನ ತೆಳು ಆಕ್ಸೈಡ್ ಪದರಕ್ಕಾದರೋ ಕೆಲವು ಹತ್ತು ವೋಲ್ಟುಗಳೇ ಸಾಕು. ಕೆಲವೊಮ್ಮೆ ಅದು ಕೂಡಲೇ ಸಾಯದೆ ಒಳಗೊಳಗೇ ಗಾಯಗೊಂಡು ತಿಂಗಳುಗಳ ಬಳಿಕ ಕೈಕೊಡುತ್ತದೆ. ಹಳ್ಳಿಯ ಡೇರಿಯಲ್ಲಿ ಹಾಲಿನ ಕೊಬ್ಬನ್ನು ಅಳೆಯುವ ಯಂತ್ರ ಹೀಗೆ ಕೆಟ್ಟರೆ, ಎರಡು ಎಮ್ಮೆ ಕಟ್ಟಿಕೊಂಡ ಹೆಣ್ಣುಮಗಳ ಬಟವಾಡೆಯೇ ಏರುಪೇರಾದೀತು.

ಕಿಡಿಯಂತರದ ಸಂತತಿಯೂ ಬೆಳೆಯಿತು. 1960ರ ದಶಕದ ಕೊನೆಗೆ ಜಪಾನಿನ ಮತ್ಸುಷಿತಾ ಸಂಸ್ಥೆಯಲ್ಲಿ ಮಿಚಿಯೋ ಮತ್ಸುವೋಕಾ ಅವರು ಸತುವಿನ ಆಕ್ಸೈಡಿನ ವ್ಯಾರಿಸ್ಟರನ್ನು ರೂಪಿಸಿದರು. ಜೀನರ್ ಡಯೋಡಿನ ಜಾತಿಯ ಟಿವಿಎಸ್ ಡಯೋಡುಗಳು ಬಂದವು. ಮನುಷ್ಯನ ಕೈಯ ಕಿಡಿಯನ್ನು ಅನುಕರಿಸುವ ಪರೀಕ್ಷೆಯ ಮಾನಕವೊಂದನ್ನು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1995ರಲ್ಲಿ ಪ್ರಕಟಿಸಿತು. ಅದರ ನಾಲ್ಕನೆಯ ಮಟ್ಟದಲ್ಲಿ 8,000 ವೋಲ್ಟಿನ ಸ್ಪರ್ಶಕಿಡಿಯು ಒಂದು ನ್ಯಾನೋಸೆಕೆಂಡಿನೊಳಗೆ 30 ಆಂಪಿಯರಿಗೆ ಏರುತ್ತದೆ. ನಮ್ಮ ನೆರೆಯ ನಂಜನಗೂಡಿಗೂ ಈ ಲೋಕದ ನಂಟಿದೆ: ಅಲ್ಲಿನ ಇಂಡಾಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯನ್ನು 1999ರಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಸಂಸ್ಥೆ ಕೊಂಡಿತು. ಅಲ್ಲಿ ತಯಾರಾಗುವುದು ಬಿಡಿಭಾಗಗಳನ್ನು ಹೊರುವ ಮುದ್ರಿತ ಮಂಡಲದ ಹಲಗೆಗಳು.

ಇನ್ನು ಆಯ್ಕೆಯ ಮಾತು. ಕೋಡಿಯ ಲೆಕ್ಕವನ್ನೇ ಹಿಡಿಯಿರಿ. 5 ವೋಲ್ಟಿನ ಮಾರ್ಗವಾದರೆ ಕಾವಲಿನ ಡಯೋಡು 5 ವೋಲ್ಟಿನವರೆಗೆ ಸುಮ್ಮನಿರಬೇಕು. ಕಿಡಿ ಬಂದಾಗ ಒತ್ತಡವನ್ನು ಚಿಪ್ಪು ತಾಳುವ ಮಿತಿಯೊಳಗೆ ಹಿಡಿದಿಡಬೇಕು. ಮನೆಯ ಮುಖ್ಯ ವಿದ್ಯುತ್ ಮಾರ್ಗಕ್ಕೆ ವ್ಯಾರಿಸ್ಟರ್ ಒಪ್ಪುತ್ತದೆ. ಸೆಕೆಂಡಿಗೆ 48 ಕೋಟಿ ಬಿಟ್ ಸಾಗಿಸುವ ಯುಎಸ್‌ಬಿ ತಂತಿಗೆ ಅದು ಸಲ್ಲದು. ಅದರ ಹೆಚ್ಚಿನ ಧಾರಕತೆ ಸಂಕೇತವನ್ನೇ ನುಂಗುತ್ತದೆ. ಅಲ್ಲಿ ಕಡಿಮೆ ಧಾರಕತೆಯ ಟಿವಿಎಸ್ ಡಯೋಡೇ ಬೇಕು. ಅದನ್ನು ಕಿಡಿ ಒಳಹೊಗುವ ಬಾಗಿಲಲ್ಲಿಯೇ, ಕನೆಕ್ಟರಿನ ಪಕ್ಕದಲ್ಲಿಯೇ ಕೂರಿಸಬೇಕು. ಭೂಮಿಗೆ ಹೋಗುವ ದಾರಿ 10 ಮಿಲಿಮೀಟರ್ ಉದ್ದವಾದರೂ ಅಂತಹ ವೇಗದ ಪ್ರವಾಹಕ್ಕೆ ಸುಮಾರು 300 ವೋಲ್ಟ್ ಅದರಲ್ಲಿಯೇ ಎದ್ದು ನಿಲ್ಲುತ್ತದೆ.

ಕೊನೆಯದಾಗಿ ಒಂದು ಮಾತು. ಬಿಡಿಭಾಗದ ವಿವರಪತ್ರದ ಮೊದಲ ಪುಟದಲ್ಲಿ "30,000 ವೋಲ್ಟ್ ತಾಳುತ್ತದೆ" ಎಂಬ ಅರ್ಥದ ದಪ್ಪಕ್ಷರ ಕಂಡೊಡನೆ ಮರುಳಾಗಬೇಡಿ. ಅಷ್ಟನ್ನು ತಾಳುವುದು ಆ ಬಿಡಿಭಾಗ, ಅದರ ಹಿಂದಿರುವ ಚಿಪ್ಪಲ್ಲ. ಕೋಡಿಯ ಕಲ್ಲು ಗಟ್ಟಿಯಾಗಿ ನಿಂತಿದ್ದು ಏರಿ ಒಡೆದರೆ ಊರಿಗೆ ಬಂದ ಲಾಭವೇನು? ಒಳಪುಟಕ್ಕೆ ಹೋಗಿ, ಕಿಡಿಯ ಗಳಿಗೆಯಲ್ಲಿ ಎಷ್ಟು ವೋಲ್ಟ್ ಒಳಗೆ ಉಳಿಯುತ್ತದೆಂಬ ಅಂಕಿಯನ್ನು ಹುಡುಕಿ ಓದಿ. ಕೆರೆಯನ್ನು ಕಾಯುವ ಲೆಕ್ಕ ಅಲ್ಲಿದೆ.