ಯಕೃತ್ತಿನ ಕ್ಯಾನ್ಸರ್: ಹೊಲದ ಬದುವಿನ ಸಸ್ಯಗಳಲ್ಲಿ ಮದ್ದಿದೆಯೇ?

ಕಲಬುರಗಿ: ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಣ್ಣು ಹಳದಿಯಾದರೆ ಅದು ‘ಕಾಮಣಿ’. ಕೂಡಲೇ ನೆನಪಿಗೆ ಬರುವುದು ನೆಲನೆಲ್ಲಿ, ಗರುಗದ ಸೊಪ್ಪು, ಅಮೃತಬಳ್ಳಿಯಂತಹ ಗಿಡಮೂಲಿಕೆಗಳು. ಇಂತಹ ಸಸ್ಯಗಳ ಸತ್ವದಿಂದ ಯಕೃತ್ತಿನ (ಪಿತ್ತಜನಕಾಂಗದ) ಕ್ಯಾನ್ಸರನ್ನೂ ಗುಣಪಡಿಸಬಹುದೇ ಎಂಬ ಸಂಶೋಧನೆ ದಶಕಗಳಿಂದ ನಡೆದಿದೆ. ಅದು ಇದುವರೆಗೆ ತಲುಪಿರುವ ಹಂತವನ್ನು ಅರಿಯುವುದು ಅಗತ್ಯ.

ಕಾಯಿಲೆಯ ಮೂಲ

ಯಕೃತ್ತಿನ ಕ್ಯಾನ್ಸರ್‌ಗೆ ಹೆಪಟೈಟಿಸ್ ‘ಬಿ’ ಮತ್ತು ‘ಸಿ’ ವೈರಾಣುಗಳು, ಮದ್ಯಪಾನ ಹಾಗೂ ಕೊಬ್ಬು ತುಂಬಿದ ಯಕೃತ್ತು ಪ್ರಮುಖ ಕಾರಣಗಳು. ತೇವದಲ್ಲಿ ದಾಸ್ತಾನಾದ ಶೇಂಗಾ, ಮೆಕ್ಕೆಜೋಳಗಳಿಗೆ ಹಿಡಿಯುವ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವೂ ಈ ಪಟ್ಟಿಯಲ್ಲಿದೆ.

ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ‘ಎ’ ಕಾಮಾಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆಗ ಕೀರ್ತಿ ಸೇವಿಸಿದ ಸೊಪ್ಪಿಗೆ ಸಲ್ಲುತ್ತದೆ. ಆದರೆ ‘ಬಿ’ ವೈರಾಣು ಯಾವ ಲಕ್ಷಣವನ್ನೂ ತೋರದೆ ದಶಕಗಳ ಕಾಲ ದೇಹದಲ್ಲಿ ಉಳಿಯಬಲ್ಲದು. ಈ ವ್ಯತ್ಯಾಸವನ್ನು ರಕ್ತಪರೀಕ್ಷೆಯಿಂದ ಮಾತ್ರ ತಿಳಿಯಲು ಸಾಧ್ಯ.

ನೆಲನೆಲ್ಲಿಯ ಕಥೆ

ನೆಲನೆಲ್ಲಿಯ ಬಗ್ಗೆ ವಿಶ್ವದ ಗಮನ ಸೆಳೆದದ್ದು ಮದ್ರಾಸಿನಲ್ಲಿ ನಡೆದ ಅಧ್ಯಯನ. ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರ ವರದಿ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಪಟೈಟಿಸ್ ‘ಬಿ’ ವೈರಾಣುವಿನ ಶೋಧಕ್ಕಾಗಿ 1976ರಲ್ಲಿ ನೊಬೆಲ್ ಪಡೆದ ಬಾರೂಕ್ ಬ್ಲಂಬರ್ಗ್ ಇದರ ಸಹಲೇಖಕರು. 30 ದಿನ ನೆಲನೆಲ್ಲಿ ಪುಡಿ ಸೇವಿಸಿದ 37 ಮಂದಿಯಲ್ಲಿ 22 ಜನರ ರಕ್ತದಿಂದ ವೈರಾಣುವಿನ ಗುರುತು ಮಾಯವಾಗಿತ್ತು. ಹುಸಿ ಮಾತ್ರೆ ಪಡೆದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಆದರೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಈ ಫಲ ಮರುಕಳಿಸಲಿಲ್ಲ. ಲಭ್ಯ ಪ್ರಯೋಗಗಳನ್ನೆಲ್ಲ ಪರಿಶೀಲಿಸಿದ 2011ರ ಕಾಕ್ರೇನ್ ವಿಮರ್ಶೆಯೂ ಹುಸಿ ಮಾತ್ರೆಗಿಂತ ನೆಲನೆಲ್ಲಿ ಮೇಲು ಎನ್ನಲು ಮನವರಿಕೆಯಾಗುವ ಪುರಾವೆ ಇಲ್ಲವೆಂದಿತು.

ಅರಿಶಿನ, ತೊಗರಿ

ಅರಿಶಿನದ ಕರ್ಕ್ಯುಮಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಯಕೃತ್ತಿನ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ. ಆದರೆ ಬಾಯಿಯ ಮೂಲಕ ಸೇವಿಸಿದಾಗ ರಕ್ತಕ್ಕೆ ಸೇರುವುದು ಅತ್ಯಲ್ಪ. ತಟ್ಟೆಯಲ್ಲಿ ಬಳಸಿದ ಪ್ರಮಾಣ ದೇಹದಲ್ಲಿ ದೊರೆಯದಿರುವುದೇ ಇಂತಹ ಬಹುತೇಕ ಸಂಯುಕ್ತಗಳು ಎಡವುವ ಸ್ಥಳ.

2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಗಿಡವೂ ವಿಜ್ಞಾನಿಗಳ ಗಮನಕ್ಕೆ ಹೊರತಲ್ಲ. ತೊಗರಿ ಬೇರಿನಲ್ಲಿರುವ ಕೆಜನಾಲ್ ಎಂಬ ಸಂಯುಕ್ತ ಸ್ತನ ಕ್ಯಾನ್ಸರ್ ಕೋಶಗಳನ್ನು ಪ್ರಯೋಗಾಲಯದಲ್ಲಿ ಕೊಲ್ಲುತ್ತದೆ ಎಂದು 2010ರಲ್ಲಿ ವರದಿಯಾಗಿದೆ. ಬೇಳೆಯನ್ನು ಉಣ್ಣುವುದಕ್ಕೂ ಈ ಫಲಿತಾಂಶಕ್ಕೂ ಸಂಬಂಧವಿಲ್ಲ.

ಗೆದ್ದ ಸಸ್ಯಗಳು

ಸಸ್ಯಗಳಿಂದ ಕ್ಯಾನ್ಸರ್ ಔಷಧ ದೊರೆತೇ ಇಲ್ಲವೆಂದಲ್ಲ. ಮನೆಯಂಗಳದ ಕಾಶಿಕಣಗಿಲೆಯಿಂದ ಬಂದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಯ ಆಧಾರಗಳಲ್ಲಿ ಒಂದು. ಪಶ್ಚಿಮ ಘಟ್ಟದ ಮರವೊಂದರಲ್ಲಿಯೂ ದೊರೆಯುವ ಕ್ಯಾಂಪ್ಟೊಥೆಸಿನ್, ಕರುಳು ಮತ್ತು ಅಂಡಾಶಯ ಕ್ಯಾನ್ಸರ್‌ನ ಔಷಧಗಳಿಗೆ ಮೂಲವಸ್ತು. ಯಕೃತ್ತಿನ ವಿಷಯದಲ್ಲಿ, ಎಪಿಮೀಡಿಯಂ ಗಿಡದ ಇಕಾರಿಟಿನ್‌ಗೆ ಚೀನಾ 2022ರಲ್ಲಿ ಷರತ್ತುಬದ್ಧ ಅನುಮತಿ ನೀಡಿತು. ಅದೂ ಸೀಮಿತ ವರ್ಗದ ರೋಗಿಗಳಿಗೆ ಮಾತ್ರ. ಇವೆಲ್ಲ ಶುದ್ಧೀಕರಿಸಿದ, ಅಳತೆ ಗೊತ್ತುಪಡಿಸಿದ, ರೋಗಿಗಳ ಮೇಲೆ ಪರೀಕ್ಷಿಸಿದ ಔಷಧಗಳೇ ಹೊರತು ಕಷಾಯಗಳಲ್ಲ ಎಂಬುದು ಗಮನಾರ್ಹ.

ಎಚ್ಚರಿಕೆ ಅಗತ್ಯ

ಗಿಡಮೂಲಿಕೆಯಿಂದ ಅಪಾಯವಿಲ್ಲ ಎಂಬ ನಂಬಿಕೆ ಸರಿಯಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದುದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಆದರೆ 2022ರಲ್ಲಿ ದೇಶದ ಹಲವು ಆಸ್ಪತ್ರೆಗಳಿಂದ ಇಂತಹ 43 ಪ್ರಕರಣಗಳು ವರದಿಯಾದವು. ಹೆಚ್ಚು ಪ್ರಮಾಣದ ಅರಿಶಿನ ಮಾತ್ರೆಗಳಿಂದಲೂ ಯಕೃತ್ತಿಗೆ ತೊಂದರೆಯಾದ ನಿದರ್ಶನಗಳಿವೆ.

ಇದಕ್ಕಿಂತ ದೊಡ್ಡ ನಷ್ಟ ಕಾಲದ್ದು. ಗೆಡ್ಡೆ ಚಿಕ್ಕದಿದ್ದಾಗ ಶಸ್ತ್ರಚಿಕಿತ್ಸೆ, ಸುಡುವ ಚಿಕಿತ್ಸೆ ಅಥವಾ ಯಕೃತ್ ಕಸಿಯಿಂದ ಗುಣವಾಗುವ ಅವಕಾಶವಿರುತ್ತದೆ. ಸೊಪ್ಪಿನ ರಸದಲ್ಲಿ ತಿಂಗಳುಗಳು ಕಳೆದರೆ ಆ ಅವಕಾಶ ಕೈತಪ್ಪುತ್ತದೆ.

ತಡೆಯುವ ದಾರಿ ಈಗಾಗಲೇ ಇದೆ. ಹುಟ್ಟಿದ 24 ಗಂಟೆಯೊಳಗೆ ಶಿಶುವಿಗೆ ಹೆಪಟೈಟಿಸ್ ‘ಬಿ’ ಲಸಿಕೆ ಕೊಡಿಸಬೇಕು. ಸೋಂಕಿತರಿಗೆ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತ ತಪಾಸಣೆ ಹಾಗೂ ಔಷಧ ದೊರೆಯುತ್ತದೆ. ಯಕೃತ್ತು ಗಟ್ಟಿಯಾದವರು (ಸಿರೋಸಿಸ್) ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುವುದು ಸೂಕ್ತ. ಗಿಡಮೂಲಿಕೆ ಸೇವಿಸುತ್ತಿರುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು.