ಮಿಲಿಯನ್ ಡಾಲರ್ ಹೋಮ್‌ಪೇಜ್

ಒಂದೇ ಪುಟವನ್ನು ತುಂಡು ತುಂಡಾಗಿ ಮಾರಿದ ಜಾಹೀರಾತು ಜಾಲತಾಣ. ಇಂಗ್ಲೆಂಡಿನ ವಿಲ್ಟ್‌ಶೈರ್‌ನ ಅಲೆಕ್ಸ್ ಟ್ಯೂ ವಿಶ್ವವಿದ್ಯಾಲಯದ ಓದಿನ ಖರ್ಚಿಗೆಂದು 2005ರ ಆಗಸ್ಟ್‌ನಲ್ಲಿ ಆರಂಭಿಸಿದರು. ಪುಟದ 10 ಲಕ್ಷ ಪಿಕ್ಸೆಲ್‌ಗಳಿಗೆ ತಲಾ ಒಂದು ಡಾಲರ್. ಕನಿಷ್ಠ ಖರೀದಿ 10×10ರ ಚೌಕ, ಅಂದರೆ 100 ಡಾಲರ್. ಕೊಂಡವರ ಪುಟ್ಟ ಚಿತ್ರ ಅಲ್ಲಿ ಕೂರುತ್ತಿತ್ತು. ಅದನ್ನು ಒತ್ತಿದರೆ ಅವರ ತಾಣ ತೆರೆಯುತ್ತಿತ್ತು. ಮೊದಲ ಗಿರಾಕಿಗಳು ಮನೆಯವರು, ಗೆಳೆಯರು. ಆ ಹಣದಲ್ಲಿ ಪತ್ರಿಕಾ ಪ್ರಕಟಣೆ ಹೊರಡಿಸಿದ ಮೇಲೆ ಸುದ್ದಿಯೇ ಜನರನ್ನು ಎಳೆತಂದಿತು. ಜಾಗಕ್ಕಿಂತ ಕುತೂಹಲಕ್ಕೇ ಬೆಲೆ ಬಂತೆನ್ನಬೇಕು. ಕೊನೆಯ 1,000 ಪಿಕ್ಸೆಲ್‌ಗಳು 2006ರ ಜನವರಿಯಲ್ಲಿ ಇ-ಬೇ ಹರಾಜಿನಲ್ಲಿ 38,100 ಡಾಲರಿಗೆ ಹೋದವು. ಒಟ್ಟು ಆದಾಯ 10,37,100 ಡಾಲರ್. ಕೊಂಡಿಗಳಲ್ಲಿ ಎಷ್ಟೋ ಈಗ ತೆರೆಯುವುದಿಲ್ಲ. ಟ್ಯೂ ಮುಂದೆ ‘ಕಾಮ್’ ಎಂಬ ಧ್ಯಾನದ ಆ್ಯಪ್‌ನ ಸಹಸ್ಥಾಪಕರಾದರು.